ಕ್ಲಬ್‌ನಲ್ಲಿ ಹುಲಿ, ಚಾಂಪಿಯನ್‌ಶಿಪ್‌ನಲ್ಲಿ ಇಲಿ: ಕಾರ್ಪೆಟ್ ಮೇಲೆ ನನ್ನ ಮೊದಲ ದೊಡ್ಡ ರೇಸ್

ಗುಲಾಬಿ_ಫೋಮ್ · ಭಾನುವಾರ, ರಾತ್ರಿ 10:42

ಈಗ ತಾನೇ ಮನೆಗೆ ಬಂದೆ. ಬ್ಯಾಗ್ ಇನ್ನೂ ಬಿಚ್ಚಿಲ್ಲ. ಬಿಚ್ಚುವ ಮನಸ್ಸೂ ಇಲ್ಲ.

ಮೂರು ವರ್ಷದಿಂದ 1/12 ಓಡಿಸುತ್ತಿದ್ದೇನೆ, ಅಂದರೆ ನಿಜವಾದ ಕಾರಿನ ಹನ್ನೆರಡನೇ ಒಂದು ಅಳತೆಯ, ರೇಡಿಯೊದಿಂದ ನಡೆಸುವ ಬ್ಯಾಟರಿ ಕಾರು. 17.5 ಸ್ಟಾಕ್ ಮೋಟಾರ್ (ಶಕ್ತಿಗೆ ಮಿತಿ ಇರುವ ಕ್ಲಾಸಿನದು), ಒಂದೇ ಸೆಲ್ಲಿನ ಲೈಪೊ ಬ್ಯಾಟರಿ, ಫೋಮ್ ಟಯರ್. ನಮ್ಮ ಕ್ಲಬ್ ರೇಸ್‌ಗಳಲ್ಲಿ ನಾನು ಮೊದಲ ಮೂರರಲ್ಲಿ ಇಲ್ಲದ ವಾರ ಕಮ್ಮಿ. ಆ ಧೈರ್ಯದ ಮೇಲೆಯೇ ಚಾಂಪಿಯನ್‌ಶಿಪ್‌ಗೆ ಹೆಸರು ಕೊಟ್ಟೆ. ಶುಕ್ರವಾರ ಪ್ರಾಕ್ಟೀಸ್, ಶನಿವಾರ ನಾಲ್ಕು ರೌಂಡ್ ಕ್ವಾಲಿಫೈಯಿಂಗ್, ಅದರಲ್ಲಿ ಒಳ್ಳೆಯ ಎರಡು ಲೆಕ್ಕಕ್ಕೆ. ಭಾನುವಾರ ಮೇನ್‌ಗಳು, ಅಂದರೆ ಫೈನಲ್‌ಗಳು: ಮೊದಲ ಹತ್ತು ಜನ ಎ, ಮುಂದಿನ ಹತ್ತು ಬಿ, ಹೀಗೆ.

ಶುಕ್ರವಾರ ನನ್ನ ಬೆಸ್ಟ್ ಲ್ಯಾಪ್ 11.8 ಸೆಕೆಂಡ್. ಪಟ್ಟಿಯಲ್ಲಿ 9ನೇ ಸ್ಥಾನ. ಒಂದು ಮೇನ್‌ಗೆ 10 ಕಾರು ಅಲ್ವಾ, ಆ ರಾತ್ರಿ ಕನಸಿನಲ್ಲೂ ಎ ಮೇನ್ ಗ್ರಿಡ್.

ಶನಿವಾರ ಮೊದಲ ರೌಂಡ್ ಪರವಾಗಿಲ್ಲ, ಒಂದು ಸಲ ಟ್ರ್ಯಾಕ್ ಅಂಚಿನ ಬೋರ್ಡಿಗೆ ಬಡಿದೆ. ಎರಡನೆಯದು ನಾನು ಇಲ್ಲಿಯವರೆಗೆ ಓಡಿಸಿದ ಅತಿ ಒಳ್ಳೆಯ ಓಟ. ಇಳಿದು ಬಂದು ಟೆಕ್ (ಕಾರು ತಪಾಸಣೆ) ಟೇಬಲ್ ಮೇಲೆ ಕಾರಿಟ್ಟರೆ ನೆಲದಿಂದ ಚಾಸಿಯ ಎತ್ತರ 2.9 ಮಿ.ಮೀ. ಅಲ್ಲಿನ ನಿಯಮದ ಪ್ರಕಾರ 3ಕ್ಕಿಂತ ಕೆಳಗೆ ಇರುವ ಹಾಗಿಲ್ಲ. ಆ ಓಟವನ್ನೇ ಹೊಡೆದು ಹಾಕಿದರು. ಮೂರನೇ ರೌಂಡ್‌ನಲ್ಲಿ ಕಾರು ಮೂರು ಸಲ ಮಗುಚಿತು. ಅದೇ ಕಾರು, ಅದೇ ಟಯರ್, ಅದೇ ಮೂಲೆ! ನಾಲ್ಕನೆಯದರಲ್ಲಿ ಕೈ ನಡುಗುತ್ತಿತ್ತು. ಅದರ ಬಗ್ಗೆ ಕೇಳಬೇಡಿ.

ಕೊನೆಗೆ ಸಿ ಮೇನ್. ನಾಲ್ಕನೆಯವನಾಗಿ ಶುರು, ಏಳನೆಯವನಾಗಿ ಮುಕ್ತಾಯ.

ಹೊಟ್ಟೆ ಉರಿಯುವುದು ಒಂದೇ ವಿಷಯಕ್ಕೆ. ಎ ಮೇನ್‌ನಲ್ಲಿ ಎಂಟನೆಯವನಾಗಿ ನಿಂತ ಮನುಷ್ಯನ ಬೆಸ್ಟ್ ಲ್ಯಾಪ್ ಮೂರು ದಿನದಲ್ಲಿ ಒಮ್ಮೆಯೂ 12.0ಕ್ಕಿಂತ ಕೆಳಗೆ ಬಂದಿಲ್ಲ. ನಾನು ಅವನಿಗಿಂತ ಜೋರು. ಮತ್ತೆ ಅವನು ಅಲ್ಲಿ, ನಾನು ಇಲ್ಲಿ ಯಾಕೆ?

ಸಿ_ಮೇನ್_ಸಾಮ್ರಾಟ · ಭಾನುವಾರ, ರಾತ್ರಿ 10:55

ನನ್ನ ರಾಜ್ಯಕ್ಕೆ ಸ್ವಾಗತ. ಇಲ್ಲಿ ಎಲ್ಲರ ಬೆಸ್ಟ್ ಲ್ಯಾಪೂ 11.8 ಇರುತ್ತದೆ. ಉಳಿದ ಲ್ಯಾಪ್‌ಗಳ ಬಗ್ಗೆ ನಾವು ಮಾತಾಡುವುದಿಲ್ಲ.

ದಶಮಾಂಶ · ಭಾನುವಾರ, ರಾತ್ರಿ 11:20

ಸಾಮ್ರಾಟರು ತಮಾಷೆಯಲ್ಲೇ ಉತ್ತರ ಹೇಳಿಬಿಟ್ಟರು. ನಾನು ಲೆಕ್ಕ ಮಾತ್ರ ಬರೆಯುತ್ತೇನೆ.

1/12 ಓಟ 8 ನಿಮಿಷ, ಅಂದರೆ 480 ಸೆಕೆಂಡ್. ಸಮಯ ಮುಗಿದಾಗ ಓಡುತ್ತಿರುವ ಲ್ಯಾಪ್ ಪೂರ್ತಿ ಮಾಡಬೇಕು. ನೀವು ಪ್ರತಿ ಲ್ಯಾಪೂ 11.8 ಹೊಡೆದಿರಿ ಎಂದೇ ಇಟ್ಟುಕೊಳ್ಳೋಣ. 40 ಲ್ಯಾಪ್‌ಗೆ 472 ಸೆಕೆಂಡ್. ಮೂರು ಸಲ ಮಗುಚಿದಿರಿ. ಮಾರ್ಷಲ್ ಓಡಿ ಬಂದು, ಎತ್ತಿ, ನೆಟ್ಟಗೆ ಇಟ್ಟು, ನೀವು ಮತ್ತೆ ವೇಗ ಹಿಡಿಯುವ ಹೊತ್ತಿಗೆ ತಲಾ 5 ಸೆಕೆಂಡ್ ಎನ್ನೋಣ. ಒಟ್ಟು 487.

ಆ ಎಂಟನೆಯವನು 12.1ರಲ್ಲಿ ಗಾಣದ ಎತ್ತಿನ ಹಾಗೆ ಸುತ್ತಿದ. 40 ಲ್ಯಾಪ್‌ಗೆ 484.

ಪ್ರತಿ ಲ್ಯಾಪಿನಲ್ಲೂ ನಿಮಗಿಂತ 0.3 ನಿಧಾನ. ಆದರೂ ನಿಮಗಿಂತ 3 ಸೆಕೆಂಡ್ ಮುಂದೆ. ಅದೂ ನೀವು ಎಲ್ಲ ಲ್ಯಾಪೂ 11.8 ಹೊಡೆದರೆ. ಹೊಡೆದಿರಲಿಕ್ಕಿಲ್ಲ, ಅಲ್ವಾ? ಟೈಮಿಂಗ್ ಶೀಟ್ ಇದ್ದರೆ ಮೂರನೇ ರೌಂಡಿನ ಸರಾಸರಿ ಹಾಕಿ ನೋಡೋಣ.

ಗುಲಾಬಿ_ಫೋಮ್ · ಭಾನುವಾರ, ರಾತ್ರಿ 11:31

ಸರಾಸರಿ 12.9. ಮಲಗುತ್ತೇನೆ.

ಹಳೇ_ಕ್ರಿಸ್ಟಲ್ · ಸೋಮವಾರ, ಬೆಳಿಗ್ಗೆ 7:15

ಲೆಕ್ಕ ಸರಿ. ಆದರೆ ಹುಡುಗ ಕೇಳಿದ್ದು ಬೇರೆ ಪ್ರಶ್ನೆ ಕೂಡ ಇದೆ. "ಅದೇ ಕಾರು, ಅದೇ ಟಯರ್, ಅದೇ ಮೂಲೆ" ಎಂದು ಬರೆದಿದ್ದಾನೆ. ಒಂದನ್ನು ಬಿಟ್ಟಿದ್ದಾನೆ. ಕಾರ್ಪೆಟ್ ಅದೇ ಆಗಿರಲಿಲ್ಲ.

ಕ್ಲಬ್ ರೇಸಿನಲ್ಲಿ ಒಂದು ಸಂಜೆಗೆ ಎಷ್ಟು ಕಾರು ಓಡುತ್ತವೆ? ಚಾಂಪಿಯನ್‌ಶಿಪ್‌ನಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಹೀಟ್ ಮೇಲೆ ಹೀಟ್, ಒಂದು ಗುಂಪಿನ ಓಟ ಮುಗಿದರೆ ಇನ್ನೊಂದು. ಪ್ರತಿ ಟಯರೂ ಸ್ವಲ್ಪ ಫೋಮ್, ಸ್ವಲ್ಪ ಸಾಸ್ (ಗ್ರಿಪ್‌ಗೆ ಟಯರ್‌ಗೆ ಸವರುವ ದ್ರವ) ಬಿಟ್ಟು ಹೋಗುತ್ತದೆ. ಶುಕ್ರವಾರ ಬೆಳಿಗ್ಗೆ ಆಗಷ್ಟೇ ಹಾಸಿದ ಕಾರ್ಪೆಟ್ ಮೇಲೆ ಕಾರು ಜಾರುತ್ತದೆ. ಶನಿವಾರ ಮಧ್ಯಾಹ್ನದ ಹೊತ್ತಿಗೆ ರೇಸಿಂಗ್ ಲೈನ್ ಅಂಟಂಟು. ಭಾನುವಾರ ಅದು ಬೇರೆಯೇ ಟ್ರ್ಯಾಕ್. ನೀನು ಶುಕ್ರವಾರದ ಜಾರುವ ನೆಲಕ್ಕೆ ಮೂತಿ ಚೆನ್ನಾಗಿ ತಿರುಗುವ ಕಾರು ಮಾಡಿಕೊಂಡೆ. ಶನಿವಾರ ಅದೇ ಮೂತಿ ನೆಲ ಕಚ್ಚಿ ಹಿಡಿಯಿತು. ಮುಂದಿನ ಹೊರಗಿನ ಟಯರ್ ಕಚ್ಚಿದರೆ ಕಾರು ಅದರ ಮೇಲೆಯೇ ಮಗುಚುತ್ತದೆ. ಟ್ರಾಕ್ಷನ್ ರೋಲ್ ಎನ್ನುವುದು ಇದಕ್ಕೇ. ಗ್ರಿಪ್ ಸಾಲದ್ದಕ್ಕೆ ಆಗುವ ತೊಂದರೆ ಅಲ್ಲ ಇದು, ಜಾಸ್ತಿಯಾದದ್ದಕ್ಕೆ ಆಗುವುದು.

ಹಾಗಾದಾಗ ನಾನು ಮೊದಲು ಕೈ ಹಾಕುವುದು ಕಾರಿಗಲ್ಲ, ರೇಡಿಯೊಗೆ. ಸ್ಟೀರಿಂಗ್ ಡ್ಯುಯಲ್ ರೇಟ್, ಅಂದರೆ ಮುಂದಿನ ಚಕ್ರ ತಿರುಗುವ ಮಿತಿ, ಸ್ವಲ್ಪ ಇಳಿಸುತ್ತೇನೆ. ಎರಡು ಸೆಕೆಂಡಿನ ಕೆಲಸ, ಗುಂಡಿ ಒತ್ತಿದರೆ ವಾಪಸ್. ಸಾಲದಿದ್ದರೆ ಮುಂದಿನ ಟಯರ್‌ಗಳ ಹೊರ ಅಂಚಿಗೆ ಸೂಪರ್ ಗ್ಲೂ ತೆಳುವಾಗಿ ಬಳಿಯುತ್ತೇನೆ. ಪಕ್ಕದ ಫೋಮ್ ಗಟ್ಟಿಯಾದರೆ ಕಾರು ಓರೆಯಾದಾಗ ಕಚ್ಚುವ ಬದಲು ಜಾರುತ್ತದೆ. ಆಮೇಲೆ ಟಯರ್ ಲೇತ್ ಮೇಲೆ ಇನ್ನಷ್ಟು ಸಣ್ಣದು ಮಾಡುವುದು. ಎತ್ತರ ಕಮ್ಮಿಯಾದಷ್ಟೂ ಮಗುಚುವುದು ಕಷ್ಟ. ಅದಕ್ಕೂ ಬಗ್ಗದಿದ್ದರೆ ಮುಂದೆ ಇನ್ನೂ ಗಟ್ಟಿ ಫೋಮ್.

ಅಂದಹಾಗೆ, ಮೂರನೇ ರೌಂಡಿಗೆ ಮುಂಚೆ ಬೇರೆಯವರ ಹೀಟ್ ನಿಂತು ನೋಡಿದೆಯಾ? ನಿನಗಿಂತ ಮುಂಚಿನ ಹೀಟಿನಲ್ಲಿ ನಾಲ್ಕು ಕಾರು ಮಗುಚಿದ್ದರೆ ಐದನೆಯದು ನಿನ್ನದೇ.

ಗುಲಾಬಿ_ಫೋಮ್ · ಸೋಮವಾರ, ಬೆಳಿಗ್ಗೆ 8:02

ನೋಡಲಿಲ್ಲ ಸರ್. ಟೇಬಲ್ ಕೆಳಗೆ ಕೂತು ಟೆಕ್‌ನವರನ್ನು ಬೈಯುತ್ತಿದ್ದೆ.

ಸಾಸ್_ಡಬ್ಬಿ · ಸೋಮವಾರ, ಬೆಳಿಗ್ಗೆ 9:40

ಎಲ್ಲರೂ ಗ್ಲೂ, ಲೇತ್ ಅಂತೀರಿ. ಸಾಸ್ ಎಷ್ಟು ಹೊತ್ತು ಹಾಕಿದ್ದೀಯಾ ಎಂದು ಒಬ್ಬರೂ ಕೇಳಲಿಲ್ಲ! ಟಯರ್‌ಗೆ ಸವರುವ ಈ ಟ್ರಾಕ್ಷನ್ ದ್ರವವೇ ಕಾರ್ಪೆಟ್ ರೇಸಿನ ಅರ್ಧ ಸೆಟಪ್. ನಾನು ಶುಕ್ರವಾರ ಹಿಂದಿನ ಟಯರ್‌ಗೆ ಪೂರ್ತಿ, ಮುಂದಿನದಕ್ಕೆ ಒಳಗಿನ ಅರ್ಧ ಹಾಕಿ 30 ನಿಮಿಷ ಬಿಡುತ್ತೇನೆ. ಗ್ರಿಪ್ ಏರುತ್ತಿದ್ದ ಹಾಗೆ ಮುಂದಿನ ಪಟ್ಟಿ ಸಣ್ಣದು ಮಾಡುತ್ತೇನೆ: ಅರ್ಧ, ಮೂರನೇ ಒಂದು, ಕಾಲು. ಹಿಂದಿನದನ್ನು ಮಾತ್ರ ಮುಟ್ಟುವುದಿಲ್ಲ. ಭಾನುವಾರ ಮುಂದೆ ಬರೀ 5 ನಿಮಿಷ. ಕಾರಿನ ಒಂದು ಸ್ಕ್ರೂ ತಿರುಗಿಸದೆ ಮೂರು ದಿನ ಓಡಿಸಿದ್ದೇನೆ.

ಹಳೇ_ಕ್ರಿಸ್ಟಲ್ · ಸೋಮವಾರ, ಬೆಳಿಗ್ಗೆ 10:05

ಮೂರು ದಿನದಲ್ಲಿ ಎಷ್ಟನೇ ಸ್ಥಾನ ಎಂದು ಬರೆಯಲೇ ಇಲ್ಲವಲ್ಲ.

ಸಾಸ್_ಡಬ್ಬಿ · ಸೋಮವಾರ, ಬೆಳಿಗ್ಗೆ 10:07

ಬಿ ಮೇನ್ 6. ಅದು ಇಲ್ಲಿ ಮುಖ್ಯವಲ್ಲ.

ಹಳೇ_ಕ್ರಿಸ್ಟಲ್ · ಸೋಮವಾರ, ಬೆಳಿಗ್ಗೆ 10:30

ತಮಾಷೆ ಬಿಡು, ನೀನು ಹೇಳಿದ್ದರಲ್ಲಿ ಹುರುಳಿದೆ. ನನ್ನ ತಕರಾರು ಒಂದೇ. ಸಾಸ್‌ನಿಂದ ಸರಿ ಮಾಡಿದ ಕಾರು ಗಡಿಯಾರದ ಗುಲಾಮ. ರೌಂಡ್ 20 ನಿಮಿಷ ತಡವಾದರೆ ನಿನ್ನ ಐದು ನಿಮಿಷದ ಲೆಕ್ಕ ಎಲ್ಲಿ ಹೋಯಿತು? ದೊಡ್ಡ ರೇಸಿನಲ್ಲಿ ತಡವಾಗದ ದಿನ ನಾನು ನೋಡಿಲ್ಲ. ಗ್ಲೂ ಹಾಕಿದ ಟಯರ್ ಕಾಯುತ್ತದೆ, ಸಾಸ್ ಕಾಯುವುದಿಲ್ಲ.

ಇನ್ನೊಂದು ವಿಷಯ ಹೊಸಬರಿಗೆ. ಟ್ರ್ಯಾಕಿಗೆ ಇಡುವ ಮುಂಚೆ ಟಯರ್ ಒರೆಸಿ ಒಣಗಿಸಿ. ಒದ್ದೆ ಟಯರ್‌ನಿಂದ ಮೊದಲ ಮೂರು ಲ್ಯಾಪ್ ಐಸ್ ಮೇಲೆ ಓಡಿದ ಹಾಗೆ. ಮತ್ತೆ ಯಾವ ದ್ರವಕ್ಕೆ ಅನುಮತಿ ಇದೆ ಎಂದು ಮೊದಲೇ ಓದಿಕೊಳ್ಳಿ. ಹಿಂದೆ ಹಾಲ್‌ಗೆ ಕಾಲಿಟ್ಟರೆ ವಾಸನೆಗೆ ತಲೆ ಸುತ್ತುತ್ತಿತ್ತು. ಅದಕ್ಕೇ ಈಗ ಬಹಳ ಕಡೆ ವಾಸನೆ ಇಲ್ಲದ್ದು ಮಾತ್ರ. ಕೆಲವು ರೇಸ್‌ಗಳಲ್ಲಿ ಎಲ್ಲರಿಗೂ ಒಂದೇ ಬ್ರಾಂಡ್.

ಮಾರ್ಷಲ್_ಮಾಮ · ಸೋಮವಾರ, ಮಧ್ಯಾಹ್ನ 1:12

ಎರಡನೇ ರೌಂಡಿನ 2.9 ಬಗ್ಗೆ ಯಾರೂ ಮಾತಾಡಲಿಲ್ಲ. ನನ್ನ ಪ್ರಕಾರ ನಿನ್ನ ವಾರಾಂತ್ಯ ಅಲ್ಲೇ ಮುಗಿದದ್ದು, ಮೂರನೇ ರೌಂಡಿನಲ್ಲಿ ಅಲ್ಲ. ಓಟ ಶುರುವಾಗುವ ಮುಂಚೆ ಎಷ್ಟಿತ್ತು?

ಗುಲಾಬಿ_ಫೋಮ್ · ಸೋಮವಾರ, ಮಧ್ಯಾಹ್ನ 1:20

3.1. ಸರಿಯಾಗಿಯೇ ಇತ್ತು!

ಮಾರ್ಷಲ್_ಮಾಮ · ಸೋಮವಾರ, ಮಧ್ಯಾಹ್ನ 1:48

ಫೋಮ್ ಸವೆಯುತ್ತದೆ ತಮ್ಮಾ. ರಬ್ಬರ್ ಟಯರ್ ಅಲ್ಲ ಇದು. ಎಂಟು ನಿಮಿಷದಲ್ಲಿ ವ್ಯಾಸ 0.4 ಸವೆದರೆ ಚಾಸಿ 0.2 ಇಳಿಯುತ್ತದೆ. 3.1ರಲ್ಲಿ 0.2 ಕಳೆದರೆ? ಟೆಕ್‌ನವರು ಹೇಳಿದ ಸಂಖ್ಯೆಯೇ ಬಂತು. ನಿಯಮ ಇರುವುದು ಓಟದ ಮುಂಚಿನ ಅಳತೆಗೆ ಮಾತ್ರವಲ್ಲ, ಮುಗಿದ ಮೇಲಿನದಕ್ಕೂ. ಕ್ಲಬ್‌ನಲ್ಲಿ ಯಾರೂ ಅಳೆಯುವುದಿಲ್ಲ, ಹಾಗಾಗಿ ಅಭ್ಯಾಸ ತಪ್ಪುತ್ತದೆ. 3.3ರಲ್ಲಿ ಶುರು ಮಾಡಿದ್ದರೆ ಆ ಓಟ ಉಳಿಯುತ್ತಿತ್ತು.

ಬ್ಯಾಟರಿಗೂ ಇದೇ ಮಾತು. ಒಂದು ಸೆಲ್‌ಗೆ 4.20 ವೋಲ್ಟ್, ಎರಡಕ್ಕೆ 8.40. ಸಾಮಾನ್ಯವಾಗಿ ಅದಕ್ಕಿಂತ ಮೇಲೆ ಕೂದಲೆಳೆಯಷ್ಟೂ ಬಿಡುವುದಿಲ್ಲ. ನಿಮ್ಮ ಚಾರ್ಜರ್ 4.20 ಎನ್ನುತ್ತದೆ, ಅವರ ಮೀಟರ್ 4.21 ಎನ್ನುತ್ತದೆ. ನಡೆಯುವುದು ಅವರ ಮೀಟರ್. ಶುಕ್ರವಾರವೇ ಹೋಗಿ ಅವರ ಮೀಟರ್, ಅವರ ತಕ್ಕಡಿ, ಅವರ ಎತ್ತರದ ಗೇಜ್ ಮೇಲೆ ಕಾರಿಟ್ಟು ನೋಡಿ. ಯಾರೂ ಬೇಡ ಎನ್ನುವುದಿಲ್ಲ.

ಇನ್ನು ನನ್ನ ಕಥೆ. ಕೆಲವು ವರ್ಷದ ಹಿಂದೆ ಒಂದು ದೊಡ್ಡ ರೇಸಿನಲ್ಲಿ ಬಿ ಮೇನ್‌ನ ಮೊದಲ ಸ್ಥಾನದಲ್ಲಿದ್ದೆ. ನನ್ನ ಹೀಟ್ ಮುಗಿಯಿತು, ಮೋಟಾರ್ ಬಿಸಿ ನೋಡೋಣ ಎಂದು ಟೇಬಲ್‌ಗೆ ಓಡಿದೆ. ಮುಂದಿನ ಹೀಟಿಗೆ ಮಾರ್ಷಲ್ ನಿಲ್ಲಬೇಕಾದವನು ನಾನೇ ಎನ್ನುವುದು ಮರೆತೇ ಹೋಯಿತು. ನನ್ನ ಅತಿ ಒಳ್ಳೆಯ ರೌಂಡ್ ಕಿತ್ತುಕೊಂಡರು. ಬಿ ಮೇನ್‌ನಿಂದ ಸೀದಾ ಡಿ ಮೇನ್. ಈ ಹೆಸರು ಬಂದದ್ದು ಹಾಗೆ.

ಹೊಸ_ಕೈ · ಸೋಮವಾರ, ಸಂಜೆ 6:30

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಕಾರ್ ಇನ್ನೂ ಕೊಂಡಿಲ್ಲ. ಈ 17.5, 13.5, 21.5 ಎಂದರೆ ಏನು? ಮತ್ತೆ 'ಬ್ಲಿಂಕಿ' ಎಂದು ಎಲ್ಲರೂ ಬರೆಯುತ್ತಾರೆ, ಅದೇನು?

ದಶಮಾಂಶ · ಸೋಮವಾರ, ಸಂಜೆ 6:52

ಮೋಟಾರ್ ಒಳಗೆ ತಂತಿ ಎಷ್ಟು ಸುತ್ತು ಸುತ್ತಿದೆ ಎನ್ನುವ ಸಂಖ್ಯೆ. ಸುತ್ತು ಜಾಸ್ತಿಯಾದಷ್ಟೂ ನಿಧಾನ. 21.5 ಸಾಧು, 17.5 ಸ್ಟಾಕ್‌ನಲ್ಲಿ ಜಾಸ್ತಿ ಕಾಣುವಂಥದ್ದು, 13.5 ಇನ್ನೂ ಚುರುಕು. ಮಾಡಿಫೈಡ್ ಕ್ಲಾಸಿನಲ್ಲಿ ಒಂದಂಕಿ ಸುತ್ತಿನ ಮೋಟಾರ್ ಇರುತ್ತದೆ, ಅದು ಕಾರಲ್ಲ, ಕೋಪ.

ಬ್ಲಿಂಕಿ ಎಂದರೆ ಸ್ಪೀಡ್ ಕಂಟ್ರೋಲರ್ ತನ್ನ ಕಡೆಯಿಂದ ಮೋಟಾರಿಗೆ ಟೈಮಿಂಗ್ (ವೇಗ ಹೆಚ್ಚಿಸುವ ಹೊಂದಾಣಿಕೆ) ಸೇರಿಸದ ಮೋಡ್. ಆ ಮೋಡ್‌ನಲ್ಲಿ ಅದರ ಲೈಟು ಮಿಣುಕುತ್ತದೆ. ಅದನ್ನು ನೋಡಿ ಟೆಕ್‌ನವರಿಗೆ ಗೊತ್ತಾಗುತ್ತದೆ. ಎಲ್ಲರಿಗೂ ಶಕ್ತಿ ಹತ್ತಿರ ಹತ್ತಿರ ಇರಲಿ ಎಂದು ಮಾಡಿದ ನಿಯಮ.

ಸಿ_ಮೇನ್_ಸಾಮ್ರಾಟ · ಸೋಮವಾರ, ಸಂಜೆ 7:01

ಹತ್ತಿರ ಹತ್ತಿರ ಅಂತೆ! ಸ್ಟಾಕ್‌ನಲ್ಲಿ ಪ್ರತಿ ವರ್ಷ ಹೊಸ ಮೋಟಾರ್ ಕೊಳ್ಳುವವನು ನೇರ ದಾರಿಯಲ್ಲಿ ನನ್ನನ್ನು ನುಂಗಿ ಹೋಗುತ್ತಾನೆ. ನಾನು ಎಷ್ಟು ಚೆನ್ನಾಗಿ ಓಡಿಸಿದರೇನು? ಸ್ಟಾಕ್ ಎನ್ನುವುದು ಜೇಬಿನ ರೇಸ್.

ಬೆಲ್ಟ್_ಡ್ರೈವ್ · ಸೋಮವಾರ, ರಾತ್ರಿ 8:25

ಇದನ್ನು ಒಪ್ಪುವುದಿಲ್ಲ. ನಾನು 1/10 ಟೂರಿಂಗ್ ಓಡಿಸುವವನು, ಸ್ಟಾಕ್ ಮತ್ತು ಮಾಡಿಫೈಡ್ ಎರಡೂ. ನೇರ ದಾರಿಯಲ್ಲಿ ನಿಮ್ಮನ್ನು ದಾಟಿ ಹೋಗುವವನು ಬಹಳ ಸಲ ಆ ವೇಗವನ್ನು ಅದರ ಹಿಂದಿನ ಮೂಲೆಯಿಂದ ಹೊತ್ತು ತಂದಿರುತ್ತಾನೆ. ಮಾಡಿಫೈಡ್‌ನಲ್ಲಿ ಮೂಲೆ ಕೆಟ್ಟರೆ ಟ್ರಿಗರ್ ಒತ್ತಿದರೆ ಆಯಿತು, ಕಾರು ಮತ್ತೆ ಹಾರುತ್ತದೆ. ಸ್ಟಾಕ್‌ನಲ್ಲಿ ಕಳೆದುಕೊಂಡ ವೇಗ ಮತ್ತೆ ಬರುವ ಹೊತ್ತಿಗೆ ನೇರ ದಾರಿಯೇ ಮುಗಿದಿರುತ್ತದೆ. ಸ್ಟೀರಿಂಗ್ ಜಾಸ್ತಿ ಎಳೆದರೆ ಮುಂದಿನ ಟಯರ್‌ಗಳೇ ಬ್ರೇಕ್. ಬೇರಿಂಗ್‌ಗೆ ಕಾರ್ಪೆಟ್ ನೂಲು ಸುತ್ತಿಕೊಂಡಿದ್ದರೆ ಇನ್ನೊಂದು ಬ್ರೇಕ್.

ಸಾಮ್ರಾಟರೇ, ಒಂದು ಪ್ರಶ್ನೆ. ಹಿಂದಿನ ಆಕ್ಸಲ್ ಬಿಚ್ಚಿ ನೂಲು ತೆಗೆದು ಎಷ್ಟು ದಿನವಾಯಿತು?

ಸಿ_ಮೇನ್_ಸಾಮ್ರಾಟ · ಸೋಮವಾರ, ರಾತ್ರಿ 9:40

ಈಗ ತಾನೇ ಬಿಚ್ಚಿದೆ. ಒಂದು ಕಂಬಳಿ ನೇಯಬಹುದು. ಮೋಟಾರ್ ವಿಷಯ ವಾಪಸ್ ತೆಗೆದುಕೊಳ್ಳುತ್ತಿಲ್ಲ, ಆದರೆ ಸ್ವಲ್ಪ ಹೊತ್ತು ಪಕ್ಕಕ್ಕಿಡುತ್ತೇನೆ.

ಹಳೇ_ಕ್ರಿಸ್ಟಲ್ · ಸೋಮವಾರ, ರಾತ್ರಿ 10:10

ಜೇಬಿನ ಮಾತು ಬಂತಲ್ಲ, ಹಳೇದೊಂದು ನೆನಪು. ಈ 8 ನಿಮಿಷ ಎನ್ನುವುದು ಎಲ್ಲಿಂದ ಬಂತು ಗೊತ್ತಾ? ಆಗ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ. ಎಂಟು ನಿಮಿಷ ಎಳೆಯುವುದೇ ದೊಡ್ಡ ವಿಷಯ. ಜೋರು ಗೇರ್ ಹಾಕಿದರೆ ಆರನೇ ನಿಮಿಷಕ್ಕೆ ರಾಜ, ಏಳೂವರೆಗೆ ಕಾರು ಉಸಿರು ಬಿಟ್ಟು ಟ್ರ್ಯಾಕ್ ಮಧ್ಯದಲ್ಲಿ ನಿಂತಿರುತ್ತಿತ್ತು. ಗೆಲ್ಲುವವನು ಜೋರಾಗಿ ಓಡಿಸುವವನಲ್ಲ, ಬ್ಯಾಟರಿ ಎಣಿಸಿ ಖರ್ಚು ಮಾಡುವವನು. ಈಗಿನ ಲೈಪೊ ಎಂಟು ನಿಮಿಷಕ್ಕೆ ಬೆವರುವುದೂ ಇಲ್ಲ.

ರೇಡಿಯೊಗೆ ಕ್ರಿಸ್ಟಲ್ ಇತ್ತು, ಫ್ರೀಕ್ವೆನ್ಸಿ ಗೊತ್ತುಮಾಡುವ ತುಂಡು. ಒಂದೇ ಫ್ರೀಕ್ವೆನ್ಸಿಯ ಇಬ್ಬರು ಒಂದೇ ಹೊತ್ತಿಗೆ ಸ್ವಿಚ್ ಹಾಕಿದರೆ ಒಬ್ಬನ ಕಾರು ಸೀದಾ ಗೋಡೆಗೆ. 2.4 ಗಿಗಾಹರ್ಟ್ಸ್ ಬಂದ ಮೇಲೆ ಆ ಭಯ ಹೋಯಿತು. ನನ್ನ ಹೆಸರು ಮಾತ್ರ ಉಳಿಯಿತು.

1/12ರ ಮೊದಲ ಇಫ್ಮಾರ್ (ಈ ಕಾರ್ ರೇಸ್‌ಗಳ ಅಂತರರಾಷ್ಟ್ರೀಯ ಸಂಸ್ಥೆ) ವಿಶ್ವ ಚಾಂಪಿಯನ್‌ಶಿಪ್ 1982ರಲ್ಲಿ ಅಮೆರಿಕದಲ್ಲಿ ನಡೆಯಿತು. ಗೆದ್ದದ್ದು ಆರ್ತುರೊ ಕಾರ್ಬೊನೆಲ್. ಆಮೇಲೆ ಜಪಾನಿನ ಮಸಾಮಿ ಹಿರೊಸಾಕಾ ಬಂದ. ಬೇರೆ ಬೇರೆ ಕ್ಲಾಸ್ ಸೇರಿ 14 ವಿಶ್ವ ಪಟ್ಟ. ಅವನ ಹಳೇ ವಿಡಿಯೊ ಸಿಕ್ಕಿದರೆ ಕಾರನ್ನು ಮಾತ್ರ ನೋಡಬೇಡಿ, ಅವನ ಬೆರಳು ನೋಡಿ. ಬೆರಳು ಅಲ್ಲಾಡುತ್ತಿದೆಯೋ ಇಲ್ಲವೋ ಎಂದು ಅನುಮಾನ ಬರುತ್ತದೆ.

ಹೊಸ_ಕೈ · ಮಂಗಳವಾರ, ಬೆಳಿಗ್ಗೆ 7:50

ಹಾಗಾದರೆ ನಾನು 1/12 ಕೊಳ್ಳಲಾ, ಟೂರಿಂಗ್ ಕೊಳ್ಳಲಾ?

ಬೆಲ್ಟ್_ಡ್ರೈವ್ · ಮಂಗಳವಾರ, ಬೆಳಿಗ್ಗೆ 8:40

ನಿಮ್ಮ ಹತ್ತಿರದ ಟ್ರ್ಯಾಕಿನಲ್ಲಿ ಯಾವ ಕ್ಲಾಸಿಗೆ ಜಾಸ್ತಿ ಜನ ಬರುತ್ತಾರೋ ಅದನ್ನು. ಒಬ್ಬರೇ ಓಡಿಸಿದರೆ ಅದು ರೇಸ್ ಅಲ್ಲ, ವಾಕಿಂಗ್.

ವ್ಯತ್ಯಾಸ ಹೇಳುತ್ತೇನೆ. ಟೂರಿಂಗ್ 190 ಮಿ.ಮೀ. ಅಗಲ, ನಾಲ್ಕು ಚಕ್ರಕ್ಕೂ ಡ್ರೈವ್, ಎರಡು ಸೆಲ್, 5 ನಿಮಿಷದ ಓಟ. ದೊಡ್ಡ ರೇಸ್‌ಗಳಲ್ಲಿ ರಬ್ಬರ್ ಟಯರ್ ಎಲ್ಲರಿಗೂ ಒಂದೇ ಇರುತ್ತದೆ. ಹಾಗಾಗಿ ಫೋಮ್ ಎಷ್ಟು ಗಟ್ಟಿ ಎಂದು ಹೇಳುವ ಬಣ್ಣ, ಲೇತ್ ತಲೆನೋವು ಇಲ್ಲ. ಬದಲಿಗೆ ಡ್ಯಾಂಪರ್, ಡ್ರೂಪ್, ಕ್ಯಾಂಬರ್, ಡಿಫರೆನ್ಷಿಯಲ್ ಎಣ್ಣೆ ಎಂದು ಬೇರೆ ಹತ್ತು ತಲೆನೋವು. 1/12ರಲ್ಲಿ ಬಿಡಿಭಾಗ ಕಮ್ಮಿ, ಹಿಂದಿನ ಎರಡು ಚಕ್ರಕ್ಕೆ ಮಾತ್ರ ಡ್ರೈವ್. ನೋಡಲು ಸರಳ. ಆದರೆ ಅದು ಸುಳ್ಳನ್ನು ಸಹಿಸುವುದಿಲ್ಲ. ಬೆರಳು ಒರಟಾದರೆ ಆ ಕ್ಷಣವೇ ತಿರುಗಿ ನಿಲ್ಲುತ್ತದೆ.

ದಶಮಾಂಶ · ಮಂಗಳವಾರ, ಬೆಳಿಗ್ಗೆ 9:15

ಲೇತ್ ಎಂದಿರಿ, ಒಂದು ವಿಷಯ ನೆನಪಾಯಿತು. ಗುಲಾಬಿ_ಫೋಮ್, ಹಳೇ_ಕ್ರಿಸ್ಟಲ್ ಹೇಳಿದ ಹಾಗೆ ಟಯರ್ ಸಣ್ಣದು ಮಾಡಿದರೆ ಗೇರೂ ನೋಡಬೇಕು. ಮೋಟಾರ್ ಒಂದು ಸುತ್ತು ತಿರುಗಿದರೆ ಕಾರು ಎಷ್ಟು ಮುಂದೆ ಹೋಗುತ್ತದೆ, ಅದೇ ರೋಲ್‌ಔಟ್. ಟಯರ್ ವ್ಯಾಸ ಗುಣಿಸು 3.1416, ಗುಣಿಸು ಪಿನಿಯನ್ (ಮೋಟಾರ್ ಮೇಲಿನ ಗೇರ್) ಹಲ್ಲು, ಭಾಗಿಸು ಸ್ಪರ್ (ಆಕ್ಸಲ್ ಮೇಲಿನ ಗೇರ್) ಹಲ್ಲು.

ಉದಾಹರಣೆಗೆ ಹಿಂದಿನ ಟಯರ್ 41 ಮಿ.ಮೀ., ಪಿನಿಯನ್ 40, ಸ್ಪರ್ 64. ರೋಲ್‌ಔಟ್ 80.5 ಮಿ.ಮೀ. ಅದೇ ಟಯರ್ 40ಕ್ಕೆ ಇಳಿದರೆ 78.5. ಎರಡು ಮಿಲಿಮೀಟರ್ ಹೋಯಿತು! ನೇರ ದಾರಿಯಲ್ಲಿ ಕಾರು ಬೇಗ ಉಸಿರುಗಟ್ಟುತ್ತದೆ, ಮೋಟಾರ್ ಸತ್ತಿತು ಎಂದು ನೀವು ಅಳುತ್ತೀರಿ. ಪಿನಿಯನ್ 41 ಹಾಕಿ, ಮತ್ತೆ 80.5. ಹೀಗೆ ಒಂದು ಹಲ್ಲಿನ ವಿಷಯಕ್ಕೆ ಹೊಸ ಮೋಟಾರ್ ಕೊಂಡವರು ಇದ್ದಾರೆ. ಸಾಮ್ರಾಟರ ಹೆಸರು ನಾನು ಹೇಳುವುದಿಲ್ಲ.

ಹಲ್ಲು ಏರಿಸಿದರೆ ಇಳಿದ ಕೂಡಲೇ ಮೋಟಾರಿನ ಬಿಸಿ ಅಳೆಯಿರಿ. ಬಿಸಿ ಮಿತಿ ಮೀರಿದರೆ ರೋಟರಿನ ಅಯಸ್ಕಾಂತ ಸೊರಗುತ್ತದೆ. ಆಮೇಲೆ ನಿಜವಾಗಿಯೂ ಹೊಸದು ಕೊಳ್ಳಬೇಕಾಗುತ್ತದೆ.

ಗುಲಾಬಿ_ಫೋಮ್ · ಮಂಗಳವಾರ, ರಾತ್ರಿ 9:30

ಬ್ಯಾಗ್ ಬಿಚ್ಚಿದೆ. ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಬಿಟ್ಟು ಇನ್ನೊಂದು ರೇಸ್ ಇದೆ, ಹೆಸರು ಕೊಟ್ಟಿದ್ದೇನೆ.

ಒಂದು ವಿಷಯ ಮಾತ್ರ ಯಾರೂ ಹೇಳಲಿಲ್ಲ. ಡ್ರೈವರ್ ಸ್ಟ್ಯಾಂಡ್ ಮೇಲೆ ಕೈ ನಡುಗುವುದಕ್ಕೆ ಏನು ಮಾಡುವುದು? ಕ್ಲಬ್‌ನಲ್ಲಿ ನಡುಗುವುದಿಲ್ಲ. ಅಲ್ಲಿ ಅನೌನ್ಸರ್ ನನ್ನ ಹೆಸರು ಕರೆದ ಕೂಡಲೇ ಬೆರಳು ನನ್ನದಲ್ಲ ಅನ್ನಿಸಿತು.

ಮಾರ್ಷಲ್_ಮಾಮ · ಮಂಗಳವಾರ, ರಾತ್ರಿ 10:15

ನಡುಗುತ್ತದೆ. ನನಗೆ ಈಗಲೂ ನಡುಗುತ್ತದೆ. ನಿಲ್ಲಿಸಲು ಹೋಗಬೇಡ, ನಡುಗುವ ಕೈಗೆ ಹೊಂದುವ ಕಾರು ಮಾಡಿಕೋ. ರೇಡಿಯೊದಲ್ಲಿ ಸ್ಟೀರಿಂಗ್‌ಗೆ ಎಕ್ಸ್‌ಪೊನೆನ್ಷಿಯಲ್ ಹಾಕಿದರೆ ಮಧ್ಯದ ಹತ್ತಿರ ಕಾರು ಮೃದುವಾಗುತ್ತದೆ. ಶುಕ್ರವಾರ ಜೋರಾಗಿರುವ ಕಾರಿಗಿಂತ ಸ್ವಲ್ಪ ಮೂತಿ ಕಮ್ಮಿ ತಿರುಗುವ ಕಾರು ಶನಿವಾರ ನಿನ್ನ ಜೊತೆ ನಿಲ್ಲುತ್ತದೆ.

ಇನ್ನೊಂದು. ಕ್ವಾಲಿಫೈಯಿಂಗ್‌ನಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ, ಪೈಪೋಟಿ ಗಡಿಯಾರದ ಜೊತೆ. ಹಿಂದಿನಿಂದ ಜೋರಾದವನು ಬಂದರೆ ಅಗಲವಾದ ಜಾಗದಲ್ಲಿ ದಾರಿ ಬಿಡು. ಅರ್ಧ ಸೆಕೆಂಡ್ ಹೋಗುತ್ತದೆ. ಹಟ ಹಿಡಿದು ಒಟ್ಟಿಗೆ ಮೂಲೆಗೆ ಹೋದರೆ ಐದು ಸೆಕೆಂಡ್. ಮೇನ್‌ನಲ್ಲಿ ಹತ್ತು ಕಾರೂ ಒಟ್ಟಿಗೆ ಹೊರಡುತ್ತವೆ. ಅಲ್ಲಿ ಮೊದಲ ಮೂಲೆಯಲ್ಲಿ ಗೆಲ್ಲಲು ಹೋಗಬೇಡ, ಸುಮ್ನೆ ಬದುಕಿ ಹೊರಗೆ ಬಾ. ಮುಂದೆ ಕಾರುಗಳ ರಾಶಿ ಬಿದ್ದಿರುತ್ತದೆ, ಸುತ್ತಿಕೊಂಡು ಹೋದರೆ ಮೂರು ಸ್ಥಾನ ಬಿಟ್ಟಿ.

ಸಾಸ್_ಡಬ್ಬಿ · ಮಂಗಳವಾರ, ರಾತ್ರಿ 10:20

ಆ ರಾಶಿಯಲ್ಲಿ ಬಿದ್ದಿರುವವನು ಸಾಮಾನ್ಯವಾಗಿ ನಾನು.

ಹಳೇ_ಕ್ರಿಸ್ಟಲ್ · ಬುಧವಾರ, ಬೆಳಿಗ್ಗೆ 7:05

ಹೊಸ ರೇಸಿಗೆ ಹೋಗುವ ಮುಂಚೆ ಅಲ್ಲಿನ ನಿಯಮ ಪುಸ್ತಕ ಓದು. ಇಫ್ಮಾರ್ ಕೆಳಗೆ ನಾಲ್ಕು ವಲಯ: ಯುರೋಪಿಗೆ ಎಫ್ರಾ, ಉತ್ತರ ಅಮೆರಿಕಕ್ಕೆ ರೋರ್, ಏಷ್ಯಾ ಮತ್ತು ಆಸ್ಟ್ರೇಲಿಯಾ ಕಡೆಗೆ ಫೆಮ್ಕಾ, ದಕ್ಷಿಣ ಅಮೆರಿಕಕ್ಕೆ ಫಾಮಾರ್. ನಿಯಮಗಳು ಅಕ್ಕತಂಗಿಯರ ಹಾಗೆ, ಹೋಲುತ್ತವೆ, ಒಂದೇ ಅಲ್ಲ. ಕನಿಷ್ಠ ತೂಕ, ಟಯರ್, ಒಪ್ಪಿಗೆ ಇರುವ ಬಾಡಿಗಳ ಪಟ್ಟಿ ಎಲ್ಲವನ್ನೂ ನೋಡು. ಇದು ಯಾವ ವಲಯವೂ ಅಲ್ಲದ ಖಾಸಗಿ ರೇಸ್ ಆದರೆ ಇನ್ನೂ ಜಾಗ್ರತೆ.

ಕಾರ್ಪೆಟ್ ಯಾವುದು ಎಂದೂ ಕೇಳು. ಅಮೆರಿಕದಲ್ಲಿ ಒಂದು ಕಾಲದಲ್ಲಿ ಬೂದು ಬಣ್ಣದ ಓಜೈಟ್ ಕಾರ್ಪೆಟ್ಟಿನ ಮಾತೇ ಎಲ್ಲೆಲ್ಲೂ. ಆಮೇಲೆ ಸಿಆರ್‌ಸಿಯ ಕಪ್ಪು ಕಾರ್ಪೆಟ್ ಬಂತು. ಒಂದರ ಸೆಟಪ್ ಇನ್ನೊಂದಕ್ಕೆ ಒಗ್ಗುವುದಿಲ್ಲ.

ಗುಲಾಬಿ_ಫೋಮ್ · ಮೂರು ವಾರದ ಮೇಲೆ, ಶನಿವಾರ, ರಾತ್ರಿ 11:05

ಹೋಟೆಲ್ ರೂಮಿನಿಂದ ಬರೆಯುತ್ತಿದ್ದೇನೆ. ನಾಲ್ಕೂ ರೌಂಡ್ ಮುಗಿದವು. ಎತ್ತರ 3.3ರಲ್ಲಿ ಶುರು, ಪ್ರತಿ ಸಲ ಟೆಕ್ ಪಾಸ್. ಬೆಸ್ಟ್ ಲ್ಯಾಪ್ ಪಟ್ಟಿಯಲ್ಲಿ 19ನೆಯವನು. ಕ್ವಾಲಿಫೈಯಿಂಗ್ ಪಟ್ಟಿಯಲ್ಲಿ 13. ಬಿ ಮೇನ್, ಗ್ರಿಡ್‌ನಲ್ಲಿ ಮೂರನೇ ಜಾಗ!

ಮೂರನೇ ರೌಂಡಿಗೆ ಮುಂಚೆ ಎರಡು ಹೀಟ್ ನಿಂತು ನೋಡಿದೆ. ಒಂದೇ ಮೂಲೆಯಲ್ಲಿ ಐದು ಕಾರು ಮಗುಚಿದವು. ಓಡಿ ಹೋಗಿ ಗ್ಲೂ ಹಾಕಿದೆ, ಡ್ಯುಯಲ್ ರೇಟ್ ನಾಲ್ಕು ಅಂಕ ಇಳಿಸಿದೆ. ನನ್ನ ಕಾರು ಎರಡು ಚಕ್ರದ ಮೇಲೆ ಎದ್ದು, ಯೋಚನೆ ಮಾಡಿ, ವಾಪಸ್ ಕೂತಿತು.

ಒಂದು ತೊಂದರೆ ಇದೆ. ನಾಲ್ಕನೇ ರೌಂಡಿನ ಕೊನೆಯಲ್ಲಿ ಬೋರ್ಡಿಗೆ ಬಡಿದೆ. ಆಮೇಲೆ ಕಾರು ಬಲಕ್ಕೆ ಚೆನ್ನಾಗಿ ತಿರುಗುತ್ತದೆ, ಎಡಕ್ಕೆ ಇಲ್ಲ. ನೇರ ದಾರಿಯಲ್ಲೂ ಬಲಕ್ಕೆ ಎಳೆಯುತ್ತದೆ. ಬೆಳಿಗ್ಗೆ 8ಕ್ಕೆ ವಾರ್ಮ್‌ಅಪ್. ಏನು ನೋಡಲಿ?

ಬೆಲ್ಟ್_ಡ್ರೈವ್ · ಶನಿವಾರ, ರಾತ್ರಿ 11:12

ಮೊದಲು ಟ್ವೀಕ್, ಅಂದರೆ ಎಡ ಬಲ ಚಕ್ರಗಳ ಮೇಲೆ ಭಾರ ಸಮ ಇದೆಯಾ ಎನ್ನುವುದು. ಸಮತಟ್ಟಾದ ಹಲಗೆ ಮೇಲೆ ಕಾರಿಟ್ಟು ಚಾಕುವಿನ ತುದಿಯಿಂದ ಚಾಸಿಯ ಮೂತಿಯನ್ನು ಸರಿಯಾಗಿ ಮಧ್ಯದಲ್ಲಿ ಮೇಲೆತ್ತು. ಎರಡೂ ಮುಂದಿನ ಚಕ್ರ ಒಟ್ಟಿಗೆ ಏಳಬೇಕು. ಒಂದು ಮೊದಲು ಎದ್ದರೆ ಪಕ್ಕದ ಸ್ಪ್ರಿಂಗ್ ಸ್ಕ್ರೂ ಸ್ವಲ್ಪ ಸ್ವಲ್ಪವೇ ತಿರುಗಿಸು.

ಗುಲಾಬಿ_ಫೋಮ್ · ಶನಿವಾರ, ರಾತ್ರಿ 11:40

ಎರಡೂ ಒಟ್ಟಿಗೆ ಏಳುತ್ತಿವೆ. ಟ್ವೀಕ್ ಸರಿ ಇದೆ.

ಹಳೇ_ಕ್ರಿಸ್ಟಲ್ · ಶನಿವಾರ, ರಾತ್ರಿ 11:44

ಸರ್ವೊ ಸೇವರ್ (ಸ್ಟೀರಿಂಗ್ ತಿರುಗಿಸುವ ಸರ್ವೊವನ್ನು ಬಡಿತದಿಂದ ಕಾಯುವ ಭಾಗ) ಜಾರಿದೆಯಾ ನೋಡು. ರೇಡಿಯೊ ಟ್ರಿಮ್ ಮುಟ್ಟಬೇಡ, ಮೊದಲು ನೋಡು.

ಗುಲಾಬಿ_ಫೋಮ್ · ಭಾನುವಾರ, ರಾತ್ರಿ 12:03

ಒಂದು ಹಲ್ಲು ಜಾರಿತ್ತು! ಬಿಚ್ಚಿ ಸರಿ ಮಾಡಿದೆ. ಆದರೆ ಸ್ಕ್ರೂ ಕಾರ್ಪೆಟ್ ಮೇಲೆ ಬಿದ್ದು ಎಲ್ಲೋ ಹೋಯಿತು. ಹೋಟೆಲ್ ಕಾರ್ಪೆಟ್. ಮೊಬೈಲ್ ಟಾರ್ಚ್ ಹಿಡಿದು ಮಂಚದ ಕೆಳಗೆ ಹುಡುಕುತ್ತಿದ್ದೇನೆ.

ಸಿ_ಮೇನ್_ಸಾಮ್ರಾಟ · ಭಾನುವಾರ, ರಾತ್ರಿ 12:06

ಅದು ಓಜೈಟಾ, ಸಿಆರ್‌ಸಿನಾ?